ತೋಟವಿದ್ದವರ ಮನೆಯ ದಡ್ಡ

"ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿದ್ವು?" ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆಟಿಸಂ, ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಎಂಬ ಮಾತು ತೆಗೆದ ಕಡೆಯಲ್ಲೆಲ್ಲ ಮೊದಲು ಕೇಳಿಸುವುದು ಈ ಪ್ರಶ್ನೆ. ಕೇಳುವವರು ಹಿರಿಯರು, ಮಕ್ಕಳ ಮೇಲೆ ಅಕ್ಕರೆಯುಳ್ಳವರು. ಅವರ ವಾದ ಹೀಗಿದೆ: ಹಿಂದೆ ಪ್ರತಿ ಊರಲ್ಲೂ ಮಾತು ಬಾರದವನೊಬ್ಬ ಇದ್ದ, ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕುತ್ತ ಕೂರುವವನೊಬ್ಬ ಇದ್ದ, ಎಷ್ಟು ತಿದ್ದಿಸಿದರೂ ಅಕ್ಷರ ಹತ್ತದವನೊಬ್ಬ ಇದ್ದ. ಯಾರೂ ಅವರನ್ನು ಆಸ್ಪತ್ರೆಗೆ ಒಯ್ಯಲಿಲ್ಲ, ಅವರಿಗೊಂದು ಕಾಯಿಲೆಯ ಹೆಸರು ಅಂಟಿಸಲಿಲ್ಲ. ಊರು ಅವರನ್ನು ಇದ್ದ ಹಾಗೇ ಒಪ್ಪಿಕೊಂಡಿತು. ಉಂಡರು, ದುಡಿದರು, ಬಾಳಿದರು. ಈಗ ಪೇಟೆಯಿಂದ ಹೆಸರುಗಳು ಬಂದವು, ಮಕ್ಕಳೆಲ್ಲ ರೋಗಿಗಳಾದರು.

ಈ ಮಾತು ಅರಳಿಕಟ್ಟೆಯಲ್ಲಿ ಹುಟ್ಟಿ ಅಲ್ಲೇ ಉಳಿದಿದ್ದರೆ ಅದನ್ನು ಖಂಡಿಸಲು ನಾನು ಕೂರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡು ಊರನ್ನು ನೆನೆಯುವವರು ಇದನ್ನೇ ಗ್ರಾಮಸಂಸ್ಕೃತಿಯ ಹಿರಿಮೆ ಎಂದು ವೇದಿಕೆಯ ಮೇಲೆ ಹೇಳುತ್ತಾರೆ. ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಮಗುವಿಗೆ ನಾಲ್ಕು ತುಂಬಿದರೂ ಮಾತು ಬಂದಿಲ್ಲವೆಂದು ಕಂಗಾಲಾದ ಸೊಸೆಗೆ ಅತ್ತೆ ಹೇಳುತ್ತಾಳೆ: "ನಿನ್ ಗಂಡನೂ ಐದು ವರ್ಷಕ್ಕೇ ಕಣಮ್ಮ ಬಾಯಿ ಬಿಟ್ಟಿದ್ದು, ಸರಿಹೋಯ್ತದೆ ಬಿಡು." ಸೊಸೆ ಸುಮ್ಮನಾಗುತ್ತಾಳೆ. ಮಗುವಿನ ಅತಿ ಮುಖ್ಯವಾದ ಎರಡು ಮೂರು ವರ್ಷ ಹಾಗೇ ಜಾರಿಹೋಗುತ್ತದೆ. ಈ ನಷ್ಟಕ್ಕೆ ಕಾರಣವಾಗುವ ನಂಬಿಕೆಯನ್ನು ಮುಗ್ಧವೆಂದು ಬಿಟ್ಟುಬಿಡಲು ನನ್ನಿಂದಾಗದು.

ನಾನು ಬಿಳಿಗೆರೆಯ ಕಡೆಯವನು, ತೆಂಗಿನ ತೋಟದ ಮನೆಯಲ್ಲಿ ಬೆಳೆದವನು. ಊರು ಇಂಥವರನ್ನು ಒಪ್ಪಿಕೊಂಡಿತ್ತು ಎಂಬ ಮಾತು ನಿಜವಲ್ಲ. ಒಪ್ಪಿಕೊಂಡಿದ್ದರೆ ನಾಲಿಗೆ ಹೊರಳಲೆಂದು ಬಜೆ ತೇದು ತಿಕ್ಕುತ್ತಿದ್ದುದು ಯಾಕೆ? ತಾಯತ ಕಟ್ಟಿಸಿದ್ದು, ದೇವರ ಮುಂದೆ ಹೂವು ಕೇಳಿದ್ದು, ಮಂತ್ರ ಹಾಕಿಸಿದ್ದು ಯಾಕೆ? "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ" ಎಂದು ಬೆನ್ನ ಮೇಲೆ ಬಾಸುಂಡೆ ಬರಿಸಿದ್ದು ಯಾಕೆ? ಯಾವುದೂ ಫಲಿಸದಿದ್ದಾಗ "ಒಂದು ಮದುವೆ ಮಾಡಿದ್ರೆ ಸರಿಹೋಯ್ತಾನೆ" ಎಂದು ಏನೂ ಅರಿಯದ ಹುಡುಗಿಯೊಬ್ಬಳನ್ನು ತಂದು ಕಟ್ಟಿದ್ದು ಯಾಕೆ? ಇವೆಲ್ಲ ಒಪ್ಪಿಕೊಂಡವರು ಮಾಡುವ ಕೆಲಸಗಳಲ್ಲ, ಬದಲಾಯಿಸಲು ಹೆಣಗಿ ಸೋತವರ ಕೆಲಸಗಳು. ಹೆಸರಿಡಲಿಲ್ಲ ಎಂಬುದೂ ಸುಳ್ಳು. ಮಂಕ, ಮೊದ್ದು, ಬೆಪ್ಪ, ತಿಕ್ಕಲು, ಅರೆಹುಚ್ಚ. ಎಷ್ಟೋ ಜನರ ನಿಜವಾದ ಹೆಸರು ಊರಿಗೆ ಗೊತ್ತಾಗಿದ್ದು ಅವರು ಸತ್ತ ದಿನ.

ಆದರೂ ಅವರು ಉಂಡದ್ದು, ಬಾಳಿದ್ದು ನಿಜ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ನಮ್ಮ ಸೀಮೆಯವರು ಕೂತು ಯೋಚಿಸಬೇಕು.

ಉತ್ತರ ಇರುವುದು ತೆಂಗಿನಲ್ಲಿ. ಒಮ್ಮೆ ನೆಟ್ಟ ತಿಪಟೂರು ಉದ್ದ ತಳಿಯ ಮರ ನೆಟ್ಟವನ ಮೊಮ್ಮಗನ ಕಾಲಕ್ಕೂ ಕಾಯಿ ಕೊಡುತ್ತದೆ. ಕೇರಳದಲ್ಲಿ ಕಾಯಿ ಹೋಳು ಮಾಡಿ ಒಣಗಿಸಿ ಎಣ್ಣೆಗೆ ಕಳಿಸುತ್ತಾರೆ. ನಮ್ಮಲ್ಲಿ ಮಾಡುವುದು ಉಂಡೆ ಕೊಬ್ಬರಿ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಾಗಿ ನಿಲ್ಲುತ್ತದೆ. ಅದು ತಿಪಟೂರಿನ ಮಾರುಕಟ್ಟೆಗೆ ಹೋಗಿ ಅಲ್ಲಿಂದ ಉತ್ತರ ಭಾರತಕ್ಕೆ ಸಾಗುತ್ತದೆ. ಈ ಇಡೀ ವ್ಯವಹಾರದಲ್ಲಿ ಮಾತು ಬೇಡದ, ಅಕ್ಷರ ಬೇಡದ, ಆದರೆ ಕೈ ಬೇಕಾದ ಕೆಲಸ ಬೇಕಾದಷ್ಟಿದೆ. ಬಿದ್ದ ಕಾಯಿ ಆಯುವುದು, ಗರಿ ಎಳೆದು ಹಾಕುವುದು, ಮಟ್ಟೆ ಒಟ್ಟುವುದು, ಅಟ್ಟಕ್ಕೆ ಕಾಯಿ ಹೊರುವುದು, ಕೊಬ್ಬರಿ ಸುಲಿಯುವ ದಿನ ಚಿಪ್ಪು ಗುಡ್ಡೆ ಹಾಕುವುದು. ಮನೆಯಲ್ಲಿ ತೋಟವಿದ್ದರೆ ಓದದ ಮಗ ಉಪವಾಸ ಬೀಳುತ್ತಿರಲಿಲ್ಲ. ಉಪವಾಸ ಬೀಳದಿದ್ದ ಮೇಲೆ ಅವನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳುವ ದರ್ದು ಯಾರಿಗೂ ಇರಲಿಲ್ಲ.

ಅವನ ಪಾಲಿನ ಗತಿಯನ್ನೂ ನೋಡಿ. ಅಣ್ಣತಮ್ಮಂದಿರು ಭಾಗವಾಗುವಾಗ "ಅವನು ಯಾರ ಜೊತೆಗಾದ್ರೂ ಇರ್ಲಿ, ಇಟ್ಕೊಂಡೋರಿಗೆ ಅವನ ಪಾಲು" ಎಂದು ಪಂಚಾಯ್ತಿ ತೀರ್ಮಾನವಾಗುತ್ತದೆ. ಪಾಲುಪಟ್ಟಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆಮೇಲೆ ಆತ ಅಣ್ಣನ ಮನೆಯ ಜಗಲಿಯಲ್ಲಿ ಮಲಗಿ, ತನ್ನದೇ ಮರಗಳ ಕಾಯಿಯನ್ನು ಕೂಲಿಯಿಲ್ಲದೆ ಹೊರುತ್ತ ಮುಪ್ಪಾಗುತ್ತಾನೆ. ಹಬ್ಬಕ್ಕೊಂದು ಬಟ್ಟೆ. "ದೇವರಂಥೋನು" ಎಂಬ ಹೊಗಳಿಕೆ. ಒಪ್ಪಿಕೊಂಡದ್ದು ಎಂದು ನಾವು ಹೆಮ್ಮೆ ಪಡುವ ಬಾಳು ಇದು.

ನನ್ನ ವಿಷಯ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಕೊಬ್ಬರಿಯ ಕ್ವಿಂಟಾಲ್ ಧಾರಣೆ ಕೇಳಿದ ಕ್ಷಣಕ್ಕೇ ಮೂಟೆಯ ತೂಕಕ್ಕೆ ಎಷ್ಟಾಗುತ್ತದೆಂದು ಬಾಯಲ್ಲೇ ಹೇಳುತ್ತಿದ್ದೆ. ಅಪ್ಪನ ಜೊತೆ ಮಂಡಿಗೆ ಹೋದರೆ ದಲಾಲರು ನಿಲ್ಲಿಸಿಕೊಂಡು ಲೆಕ್ಕ ಕೇಳಿ ಖುಷಿಪಡುತ್ತಿದ್ದರು. ಅದೇ ನಾನು ಬೋರ್ಡಿನ ಮೇಲಿನ ಒಂದು ಸಾಲನ್ನು ಪುಸ್ತಕಕ್ಕೆ ಇಳಿಸಲಾರದೆ ಒದ್ದಾಡುತ್ತಿದ್ದೆ. ಒತ್ತಕ್ಷರ ಯಾವುದರ ಕೆಳಗೆ ಬರಬೇಕು ಎಂಬುದು ಕೈಗೆ ಗೊತ್ತಾಗುತ್ತಿರಲಿಲ್ಲ. ಕೊಂಬು ಇಳಿ ತಪ್ಪುತ್ತಿತ್ತು, ಬ ಇದ್ದಲ್ಲಿ ಭ, ಭ ಇದ್ದಲ್ಲಿ ಬ. "ಲೆಕ್ಕ ಬರ್ತದೆ ಅಂದ್ಮೇಲೆ ಬರಿಯೋಕೇನು ದಾಡಿ? ಬೇಕಂತ್ಲೇ ಮಾಡ್ತಾನೆ" ಎನ್ನುವುದು ಶಾಲೆಯ ತೀರ್ಪು. ಒಂದರಲ್ಲಿ ಚುರುಕಾದ ಮಗು ಇನ್ನೊಂದರಲ್ಲಿ ತಡವರಿಸಿದರೆ ಅದಕ್ಕೆ ಬೀಳುವ ಪೆಟ್ಟು ಹೆಚ್ಚು. ಪೂರ್ತಿ ದಡ್ಡನಿಗೆ ಕನಿಕರವಾದರೂ ಇರುತ್ತದೆ, ಅರೆ ಜಾಣನಿಗೆ ಸಿಗುವುದು ಅನುಮಾನ. ತಪ್ಪಿದ ಪದವನ್ನು ನೂರು ಸಲ ಬರೆಯುವ ಶಿಕ್ಷೆ ಕೊಟ್ಟರೆ ನೂರು ಸಲವೂ ತಪ್ಪಾಗಿಯೇ ಬರೆಯುತ್ತಿದ್ದೆ. ಅದನ್ನು ಉದ್ಧಟತನ ಎಂದುಕೊಂಡರು.

ಮನೆಯವರು ಹೊಡೆಯಲಿಲ್ಲ. ಅವರು ಹೇಳಿದ ಮಾತು, "ಬಿಡಿ ಅತ್ಲಾಗೆ, ತೋಟ ಐತಲ್ಲ." ಪ್ರೀತಿಯಿಂದ ಹೇಳಿದ್ದು ಅದು. ನನಗದು ಹೇಗೆ ಕೇಳಿಸಿತು ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಂದೂ ನಮ್ಮ ಮನೆಗಳಲ್ಲಿ ಮಕ್ಕಳು ಇದೇ ಮಾತು ಕೇಳುತ್ತಿದ್ದಾರೆ. ನಿನ್ನನ್ನು ಅರ್ಥಮಾಡಿಕೊಳ್ಳುವ ಅಗತ್ಯವಿಲ್ಲ, ನೀನು ತಿಂದುಕೊಂಡಿದ್ದರೆ ಸಾಕು ಎಂದು ಕೇಳಿಸಿತು. ಮಗುವಿಗೆ ತಾನು ಸೋಮಾರಿಯಲ್ಲ ಎಂದು ಗೊತ್ತಿರುತ್ತದೆ. ತಾನು ಎಷ್ಟು ಪ್ರಯತ್ನಪಟ್ಟೆ ಎಂಬುದು ಅದಕ್ಕೊಂದಕ್ಕೇ ಗೊತ್ತು. ಆದರೆ ಸುತ್ತಲಿನ ಅಷ್ಟೂ ಜನ ಸೋಮಾರಿ ಎಂದಾಗ, ಕೊನೆಗೆ ತನ್ನ ನೆನಪನ್ನೇ ನಂಬುವುದು ಬಿಡುತ್ತದೆ. ಹಾಗೆ ನಾನು ನನ್ನ ಬಗ್ಗೆ ಊರು ಹೇಳಿದ್ದನ್ನೇ ನಂಬಿದೆ. ಮೂವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಮನಃಶಾಸ್ತ್ರಜ್ಞೆಯೊಬ್ಬರು ಪರೀಕ್ಷೆ ಮಾಡಿ, ಇದು ಕಲಿಕೆಯ ನಿರ್ದಿಷ್ಟ ತೊಂದರೆ, ಇದಕ್ಕೂ ಬುದ್ಧಿಗೂ ಸಂಬಂಧವಿಲ್ಲ ಎಂದು ಹೇಳಿದರು. ನನ್ನನ್ನು ರೋಗಿ ಮಾಡುವ ಮಾತೆಂದು ಹಿರಿಯರು ಹೆದರುವುದು ಇದಕ್ಕೇ. ನನಗಾದದ್ದು ಬೇರೆ. ಹಳೆಯ ನೋಟ್‌ಬುಕ್ಕುಗಳ ಕೆಂಪು ಗೆರೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು, ಒಂದೂ ನನ್ನ ಗುಣದ ಮೇಲಿನ ಗೆರೆಯಲ್ಲ ಎಂದು ತಿಳಿಯಿತು. ನನ್ನನ್ನು ನಾನು ಒಪ್ಪಿಕೊಳ್ಳಲು ಶುರುಮಾಡಿದ್ದು ಅಲ್ಲಿಂದ. ಬರೆಯಲು ಈಗಲೂ ಕಷ್ಟವಿದೆ. ಫೋನಿಗೆ ಹೇಳಿ ಬರೆಸುತ್ತೇನೆ, ಇನ್ನೊಬ್ಬರಿಂದ ತಿದ್ದಿಸುತ್ತೇನೆ, ಅದಕ್ಕಾಗಿ ನಾಚುವುದನ್ನು ಬಿಟ್ಟಿದ್ದೇನೆ.

ಆದರೆ ನಾನು ತೋಟದ ಮನೆಯವನು, ಅಷ್ಟು ತಡವಾಗಿಯಾದರೂ ತಿಳಿದುಕೊಳ್ಳುವ ಪುರುಸೊತ್ತು ನನಗಿತ್ತು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ, ನನ್ನ ಹಾಗೇ ಅಕ್ಷರ ತಪ್ಪುತ್ತಿದ್ದ ಹುಡುಗನೊಬ್ಬನಿದ್ದ. ಅವನ ಅಪ್ಪ ಅಮ್ಮ ಬೇರೆಯವರ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದರು. ಅವನಿಗೆ "ತೋಟ ಐತಲ್ಲ" ಎಂದು ಹೇಳುವವರಿರಲಿಲ್ಲ. ಏಳನೇ ತರಗತಿಯ ನಂತರ ಶಾಲೆಗೆ ಬರಲಿಲ್ಲ. ಕಾಯಿ ಸುಲಿಯುವ ಗುತ್ತಿಗೆದಾರನ ಜೊತೆ ಹೋದ. ದಿನವಿಡೀ ಹಾರೆಗೆ ಕಾಯಿ ಕುಕ್ಕಿ ಮಟ್ಟೆ ಬಿಡಿಸುವ ಕೆಲಸ, ಹೊಟ್ಟೆಯ ತಳದಿಂದ ಭುಜದವರೆಗೂ ನೋವು. ಅವನ ವಿಷಯದಲ್ಲಿ ಯಾರಿಗೂ ಏನೂ ವಿಚಿತ್ರವೆನಿಸಲಿಲ್ಲ, ಯಾಕೆಂದರೆ ಅವನ ಜಾತಿಯ, ಅವನ ಕೇರಿಯ ಹುಡುಗರು ಓದು ಬಿಡುವುದು ಮೊದಲಿನಿಂದ ನಡೆದು ಬಂದಿತ್ತು. ಊರಿನ ಒಪ್ಪಿಗೆ ಎಷ್ಟು ಎಕರೆಯವರೆಗೆ ಹರಿಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಹೆಣ್ಣುಮಕ್ಕಳಿಗೆ ಅದೂ ಹರಿಯಲಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕಾನೂನು ತಿದ್ದಿದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅದಕ್ಕೆ ಮೊದಲು ಅವಳ ಹೆಸರಿಗೆ ಒಂದು ಮರವೂ ಇರಲಿಲ್ಲ. ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುವ, ಕಣ್ಣಿಟ್ಟು ನೋಡದ, ಒಂದೇ ಮಾತನ್ನು ಮತ್ತೆ ಮತ್ತೆ ಆಡುವ ಹುಡುಗಿಯನ್ನು ಗಂಡಿನ ಕಡೆಯವರು ನೋಡಲು ಬಂದ ದಿನ "ನಾಚಿಕೆ ಜಾಸ್ತಿ" ಎಂದು ಮುಚ್ಚಿಟ್ಟರು. ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ತಂದು ಬಿಟ್ಟುಹೋದ ಹೆಣ್ಣುಮಕ್ಕಳು ಹಿತ್ತಿಲ ಕೋಣೆಗಳಲ್ಲಿ ಬಾಳು ಸವೆಸಿದರು. ಹಳ್ಳಿಯಲ್ಲಿ ಇಂಥವರು ಇರಲೇ ಇಲ್ಲ ಎಂದು ಹೇಳುವವರು ಅವರನ್ನು ನೋಡಿಲ್ಲ, ಯಾಕೆಂದರೆ ನೋಡಲು ಬಿಟ್ಟಿರಲಿಲ್ಲ.

ಸಣ್ಣ ಊರು ನಿಜವಾಗಿಯೂ ಕಾಪಾಡಿದ ಉದಾಹರಣೆ ಜಗತ್ತಿನಲ್ಲಿ ಇಲ್ಲವೇ? ಇದೆ, ಅದನ್ನು ನಾನು ಮರೆಮಾಚುವುದಿಲ್ಲ. ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ವಿವರಿಸಿ ಬರೆದ ಪ್ರಬಂಧದಿಂದ ಆಟಿಸಂ ಒಂದು ಪ್ರತ್ಯೇಕ ಸ್ಥಿತಿಯೆಂದು ಗುರುತಾಯಿತು. ಅದರಲ್ಲಿ ಮೊದಲನೆಯ ಮಗು ಡೊನಾಲ್ಡ್ ಟ್ರಿಪ್ಲೆಟ್, ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಚಿಕ್ಕ ಊರಿನವನು. ನಾಲ್ಕು ತುಂಬುವ ಮೊದಲೇ ಅವನನ್ನು ಒಂದು ಸಂಸ್ಥೆಗೆ ಸೇರಿಸಿದ್ದರು, ತಂದೆತಾಯಿ ವಾಪಸು ಕರೆತಂದರು. ಆಮೇಲೆ ಹತ್ತಿರದ ರೈತ ದಂಪತಿಯ ಮನೆಯಲ್ಲಿ ಕೆಲಕಾಲ ಬಿಟ್ಟರು. ಅವನಿಗೆ ಎಣಿಸುವ ಗೀಳು. ಆ ರೈತ ಅದನ್ನು ಬಿಡಿಸಲು ಹೋಗದೆ, ಜೋಳದ ಹೊಲ ಉಳುತ್ತ ಸಾಲುಗಳನ್ನು ಎಣಿಸುವ ಕೆಲಸ ಕೊಟ್ಟ. ಹುಡುಗ ನೆಟ್ಟಗೆ ಉತ್ತ. ದೊಡ್ಡವನಾಗಿ ತನ್ನೂರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ರ ವಯಸ್ಸಿನಲ್ಲಿ ತೀರಿಕೊಂಡ. ಊರು ಅವನನ್ನು ಕೈಬಿಡಲಿಲ್ಲ. ಆದರೆ ಆ ಬ್ಯಾಂಕು ಅವನ ತಾಯಿಯ ಮನೆತನದ್ದು. ತಂದೆ ವಕೀಲ, ಮಗನ ವಿಷಯವಾಗಿ ಮೂವತ್ಮೂರು ಪುಟಗಳ ಕಾಗದ ಬರೆದು ದೂರದ ಬಾಲ್ಟಿಮೋರಿನ ವೈದ್ಯರಿಗೆ ಕಳಿಸಲು ಶಕ್ತನಾಗಿದ್ದವನು. ಆ ಊರಿನ ಕಪ್ಪು ಕೂಲಿಯವನ ಮಗನಾಗಿದ್ದರೆ ಅವನ ಕಥೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿ ಬ್ಯಾಂಕು, ಇಲ್ಲಿ ತೋಟ.

ಆ ತೋಟವೂ ಈಗ ಮೊದಲಿನ ತೋಟವಲ್ಲ. 1990ರ ದಶಕದ ಕೊನೆಗೆ ನುಸಿ ಬಂದು ಕಾಯಿ ಸೀಕಲಾಯಿತು. 2012ರಿಂದ ಸಾಲುಸಾಲಾಗಿ ಬಂದ ಬರದ ವರ್ಷಗಳಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಸುತ್ತ ಮರಗಳೇ ಸುಳಿ ಬಿದ್ದು ಒಣಗಿದವು. ಬೋರ್‌ವೆಲ್ ಆಳಕ್ಕಿಳಿಯಿತು. ಭಾಗವಾಗಿ ಭಾಗವಾಗಿ ತಲೆಗೆ ಉಳಿದದ್ದು ಅರ್ಧ ಎಕರೆ. ಇನ್ನು ಮುಂದೆ "ತೋಟ ಐತಲ್ಲ" ಎಂದು ಮಗುವಿನ ಪ್ರಶ್ನೆಯನ್ನು ಮುಂದೂಡುವ ಅನುಕೂಲ ತೋಟವಿದ್ದವರಿಗೂ ಇಲ್ಲ.

ಪೇಟೆಯ ಕಾಯಿಲೆ, ಇಂಗ್ಲಿಷ್ ಮೀಡಿಯಂ ಕಾಯಿಲೆ ಎಂಬ ಮಾತಿಗೂ ಉತ್ತರ ಕೊಡಬೇಕು. ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯ, ಬುದ್ಧಿ ಚುರುಕಾಗಿದ್ದೂ ಓದು ಬರೆಹ ಹತ್ತದ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ ಬರೆದದ್ದು 1896ರಲ್ಲಿ. ಪಾಠವೆಲ್ಲ ಬಾಯಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟ್ರೇ ಹೇಳಿದ್ದನ್ನು ಆತ ದಾಖಲಿಸಿದ್ದಾನೆ. ನಮ್ಮ ಮಟ್ಟಿಗೆ, ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದಲ್ಲಿ ಮಗು ಗುರುತಿಸಬೇಕಾದ ರೂಪಗಳು ನಾನೂರಕ್ಕೂ ಹೆಚ್ಚು. ಸಾಮಾನ್ಯ ಮಗುವಿಗೂ ಅವು ಪೂರ್ತಿ ಕೈಗೆ ಹತ್ತಲು ನಾಲ್ಕನೇ ತರಗತಿ ದಾಟುತ್ತದೆ ಎಂಬುದು ಅವರು ಕಂಡದ್ದು. ಹೀಗಿರುವಾಗ ತೊಂದರೆಯಿರುವ ಮಗುವಿನ ಪಾಡೇನು? ಇನ್ನು ಹಳ್ಳಿಯ ಮಾತು. ಪಲ್ವಲ್, ಕಾಂಗ್ಡಾ, ಢೆಂಕನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಕಿವಿ, ಕಣ್ಣಿನ ತೊಂದರೆ, ಮೂರ್ಛೆ ರೋಗದಿಂದ ಹಿಡಿದು ಆಟಿಸಂ, ಕಲಿಕೆಯ ತೊಂದರೆಯವರೆಗೆ ಬೆಳವಣಿಗೆಗೆ ಸಂಬಂಧಿಸಿದ ಒಂದಲ್ಲ ಒಂದು ಸಮಸ್ಯೆ ಹತ್ತಿರಹತ್ತಿರ ಎಂಟು ಮಕ್ಕಳಲ್ಲಿ ಒಬ್ಬರಿಗಿತ್ತು. ಬೆಟ್ಟದ ಹಳ್ಳಿಗಳೂ ಕಾಡಂಚಿನ ಊರುಗಳೂ ಅದರಲ್ಲಿದ್ದವು.

ಹೀಗೆ ಹೇಳಿದಾಗ ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ: ಇಂಥ ಮಕ್ಕಳಲ್ಲಿ ದೇವರು ಒಂದು ವಿಶೇಷ ಶಕ್ತಿ ಇಟ್ಟಿರುತ್ತಾನೆ, ಅದು ತಾನಾಗಿ ಹೊರಬರುತ್ತದೆ. ಸಾಕ್ಷಿಗೆ ಶಕುಂತಲಾ ದೇವಿಯವರ ಹೆಸರು ಹೇಳುತ್ತಾರೆ. ಬೆಂಗಳೂರಿನ ಕನ್ನಡ ಮನೆಯಲ್ಲಿ 1929ರಲ್ಲಿ ಹುಟ್ಟಿದ ಆ ಹೆಣ್ಣುಮಗಳು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಗಿನ್ನೆಸ್ ಪುಸ್ತಕ ಸೇರಿದರು. ಆಕೆಯ ಹಿರಿಮೆಗೆ ನಾನು ತಲೆಬಾಗುತ್ತೇನೆ. ಆದರೆ ಆಕೆಯ ಬಾಲ್ಯ ಏನು ಹೇಳುತ್ತದೆ? ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ತಂದೆ, ಇಸ್ಪೀಟಿನ ಆಟ ಕಲಿಸುವಾಗ ಮೂರು ವರ್ಷದ ಮಗಳ ಶಕ್ತಿ ಕಂಡರು. ಸರ್ಕಸ್ ಬಿಟ್ಟು ಮಗಳ ಪ್ರದರ್ಶನಗಳನ್ನು ಏರ್ಪಡಿಸಿದರು. ಆರರ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದ ಮುಂದೆ ಲೆಕ್ಕ ಮಾಡಿ ತೋರಿಸಿತು ಮಗು. ಶಾಲೆಯ ಓದು ಮಾತ್ರ ಸಿಗಲಿಲ್ಲ. ನಾಡಿನ ಅತಿ ಪ್ರತಿಭಾವಂತ ಮಗುವಿಗೆ ನಾವು ಕೊಟ್ಟದ್ದು ವೇದಿಕೆ ಮತ್ತು ಚಪ್ಪಾಳೆ. ಕೊಡಬೇಕಾಗಿದ್ದ ಗಣಿತದ ಗುರುವನ್ನು ಕೊಡಲಿಲ್ಲ. ಪ್ರತಿಭೆ ತಾನಾಗಿ ಹೊರಬಂದಾಗಲೂ ಮಗು ಸೋಲಬಹುದು ಎನ್ನುವುದಕ್ಕೆ ನಾನು ಆಕೆಯ ಬಾಲ್ಯವನ್ನು ಸಾಕ್ಷಿ ಕರೆಯುತ್ತೇನೆ. ಯಾವ ವಿಶೇಷ ಶಕ್ತಿಯೂ ಇಲ್ಲದ, ಬರೀ ಮಾತು ತಡವಾದ, ಬರೀ ಅಕ್ಷರ ಹತ್ತದ ಮಗುವಿಗೂ ನಮ್ಮ ಗಮನದ ಮೇಲೆ ಅಷ್ಟೇ ಹಕ್ಕಿದೆ. ಮಂಡಿಯಲ್ಲಿ ಲೆಕ್ಕ ಹೇಳುತ್ತಿದ್ದ ಕಾರಣಕ್ಕೆ ನನ್ನನ್ನು ಮೆಚ್ಚಿದವರಿದ್ದರು. ಲೆಕ್ಕವೂ ಬರದಿದ್ದರೆ ನಾನು ಯಾರಿಗೆ ಬೇಕಿದ್ದೆ?

ಬೆಂಗಳೂರಿನಲ್ಲಿ ಥೆರಪಿ ಎನ್ನುವುದು ದುಬಾರಿ ವ್ಯಾಪಾರವಾಗಿದೆ, ಹೆದರಿದ ತಂದೆತಾಯಿಯ ಜೇಬು ಖಾಲಿ ಮಾಡುವವರು ಇದ್ದಾರೆ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಒಪ್ಪಿಕೊಂಡೇ ಕೇಳುತ್ತೇನೆ: ಅದು ತಿಪಟೂರಿನ ಸರ್ಕಾರಿ ವ್ಯವಸ್ಥೆಯನ್ನು ಗಟ್ಟಿ ಮಾಡಲು ಕಾರಣವೋ, ಮಗುವನ್ನು ಮನೆಯಲ್ಲೇ ಕೂರಿಸಲು ಕಾರಣವೋ? ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇರುವುದು ಸುಮಾರು 140 ಕಿಲೋಮೀಟರ್ ದೂರದಲ್ಲಿ. ಕೂಲಿಯ ತಾಯಿ ಒಂದು ದಿನದ ದುಡಿಮೆ ಬಿಟ್ಟು, ಮಗುವನ್ನು ರೈಲು ಹತ್ತಿಸಿಕೊಂಡು ಹೋಗಿ, ಚೀಟಿ ಮಾಡಿಸಿ, ಮತ್ತೆ ಬರುವ ತಾರೀಕು ಬರೆಸಿಕೊಂಡು ವಾಪಸಾಗಬೇಕು. ಆ ಎರಡನೆಯ ತಾರೀಕಿಗೆ ಎಷ್ಟೋ ಜನ ಹೋಗುವುದೇ ಇಲ್ಲ.

ಹೆಸರು ಬೇಕಾಗಿರುವುದು ಮನಸ್ಸಿನ ಸಮಾಧಾನಕ್ಕಷ್ಟೇ ಅಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳು ಸ್ಥಿತಿಗಳು, ಆಟಿಸಮ್ಮೂ ಇರಲಿಲ್ಲ, ಕಲಿಕೆಯ ತೊಂದರೆಯೂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಅವು 21 ಆದವು, ಇವೆರಡೂ ಸೇರಿದವು. ಮಕ್ಕಳಲ್ಲಿ ಕಲಿಕೆಯ ತೊಂದರೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂದು ಆ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಮಕ್ಕಳನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಬರೆದುಕೊಡುವವರ ನೆರವು ಸಿಗುತ್ತದೆ. "ಇವೆಲ್ಲ ನಮ್ಮಲ್ಲಿಲ್ಲ" ಎಂದು ಊರು ಹೇಳಿದಾಗಲೆಲ್ಲ ಈ ಹಕ್ಕುಗಳು ಒಂದೊಂದಾಗಿ ಕೈತಪ್ಪುತ್ತವೆ. ತೋಟವಿಲ್ಲದವರ ಮಕ್ಕಳಿಗೆ ಇದ್ದ ಆಸರೆ ಇದೊಂದೇ.

ಬಿಳಿಗೆರೆಯಂಥ ಊರುಗಳಲ್ಲಿ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದೂ ಗೊತ್ತಿರುವ ವಿಷಯವೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ತಪಾಸಣಾ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲು, ಕಣ್ಣು, ರಕ್ತಹೀನತೆಯ ಜೊತೆಗೆ ಬೆಳವಣಿಗೆಯ ವಿಳಂಬವಿದೆ, ಆಟಿಸಂ, ಕಲಿಕೆಯ ತೊಂದರೆ, ಎಡಿಎಚ್‌ಡಿ ಇವೆ. ತಂಡ ಬರುವ ದಿನ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಶಾಲೆಯಲ್ಲಿರಲಿ. ಮೇಷ್ಟ್ರು ಹಿಂದಿನ ಬೆಂಚಿನ ಆ ಮಗುವಿನ ನೋಟ್‌ಬುಕ್ಕನ್ನೇ ತಂದು ಮೇಜಿನ ಮೇಲಿಡಲಿ. ಹಲ್ಲು ನೋಡಿ ಮುಂದೆ ಕಳಿಸಿದರೆ, ಪಟ್ಟಿಯ ಉಳಿದ ಸಾಲುಗಳನ್ನೂ ತುಂಬಿಸಿ, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು ಹೋಗಿ ಎಂದು ಕೇಳಲಿ. ಆ ಚೀಟಿ ಮೊದಲು ಸಿಗಬೇಕಾದದ್ದು ಕೂಲಿಯವರ ಮಗುವಿಗೆ.